ಒಂದೇ ಸಲ ಆಡುವ ಒಳ್ಳೆ ಗೇಮ್‌ಗಳು: ಯಾವುದನ್ನು ಇಟ್ಟುಕೊಳ್ಳೋದು, ಯಾವುದನ್ನು ಮಾರೋದು?

ಯಾರಾದರೂ ಒಳ್ಳೆ ಗೇಮ್ ಹೇಳು ಅಂದರೆ ನನ್ನ ಬಾಯಿಗೆ ಮೊದಲು ಬರುವ ಹೆಸರುಗಳಲ್ಲಿ ಮುಕ್ಕಾಲು ಪಾಲು ನಾನೇ ಮತ್ತೆ ಆಡದ ಆಟಗಳು. ಮೈಸೂರಿನಲ್ಲಿ ನಾವು ಬೆಳೆದಿದ್ದು ಇದಕ್ಕೆ ಪೂರ್ತಿ ಉಲ್ಟಾ ಆಟಗಳ ಜೊತೆ. ಸರಸ್ವತಿಪುರಂ ಕಡೆಯ ಸೈಬರ್ ಸೆಂಟರ್‌ಗಳಲ್ಲಿ ಕೌಂಟರ್ ಸ್ಟ್ರೈಕ್ ಆಡುತ್ತಿದ್ದೆವು. ಅದೇ ಮ್ಯಾಪ್, ಅದೇ ಬಂದೂಕು, ಅದೇ ಕಿರುಚಾಟ. ಒಂದು ಸಂಜೆಯೂ ಬೇಜಾರಾಗುತ್ತಿರಲಿಲ್ಲ. ಜಿಟಿಎ ಸರಣಿಯ ವೈಸ್ ಸಿಟಿಯನ್ನು ಎಷ್ಟು ಸಲ ಮೊದಲಿಂದ ಶುರು ಮಾಡಿದ್ದೇವೋ ಲೆಕ್ಕವೇ ಇಲ್ಲ. ಹಾಗಾಗಿ 'ಒಳ್ಳೆ ಗೇಮ್ ಅಂದ್ರೆ ಮತ್ತೆ ಮತ್ತೆ ಆಡ್ಬೇಕು ಅನ್ನಿಸ್ಬೇಕು' ಅನ್ನೋ ಮಾತು ನಮ್ಮ ಗುಂಪಿನಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿದೆ.

ಈ ಅಳತೆ ಎಲ್ಲ ಆಟಕ್ಕೂ ಹೊಂದುವುದಿಲ್ಲ. ಕೆಲವು ಆಟ ಮತ್ತೆ ಬೇಡ ಅನ್ನಿಸುವುದು ಅದು ಚೆನ್ನಾಗಿಲ್ಲ ಅಂತಲ್ಲ, ಕೊಡಬೇಕಾದ್ದನ್ನೆಲ್ಲ ಮೊದಲ ಸಲಕ್ಕೇ ಕೊಟ್ಟುಬಿಟ್ಟಿದೆ ಅಂತ. ಆದರೆ ಎಲ್ಲವೂ ಒಂದೇ ಕಾರಣಕ್ಕೆ ಬೇಡ ಅನ್ನಿಸುವುದಿಲ್ಲ. ಆ ಕಾರಣ ಗೊತ್ತಿದ್ದರೆ ದುಡ್ಡು ಹಾಕುವ ಮೊದಲು ತುಂಬಾ ಸಹಾಯವಾಗುತ್ತದೆ. ನಾನು ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದು ಸಲ ಶುರು ಮಾಡಿಯೂ ನೋಡಿದ ಕೆಲವು ಆಟಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ. ಕಥೆಯ ಗುಟ್ಟುಗಳನ್ನು ಆದಷ್ಟು ಮುಚ್ಚಿಟ್ಟಿದ್ದೇನೆ. ಆದರೆ ರೆಡ್ ಡೆಡ್ ರಿಡೆಂಪ್ಷನ್ 2ರ ಒಂದು ಮುಖ್ಯ ವಿಷಯ ಹೇಳದೆ ವಿಧಿಯಿಲ್ಲ. ಅದನ್ನು ಇನ್ನೂ ಆಡದವರು ಆ ಭಾಗ ಬಿಟ್ಟು ಓದಿ.

ಮೊದಲು ಔಟರ್ ವೈಲ್ಡ್ಸ್. ನನ್ನ ಮಟ್ಟಿಗೆ ಈ ಗುಂಪಿನ ರಾಜ ಇದೇ. ಮೋಬಿಯಸ್ ಡಿಜಿಟಲ್ ಅನ್ನೋ ಸಣ್ಣ ತಂಡ 2019ರಲ್ಲಿ ಇದನ್ನು ಹೊರತಂದಿತು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ಆಟದ ಪ್ರಶಸ್ತಿ ಪಡೆಯಿತು. ಒಂದು ಪುಟ್ಟ ಸೌರಮಂಡಲ, ನಿಮಗೊಂದು ಮರದ ಹಲಗೆ ಬಡಿದ ನೌಕೆ. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ, ಎಲ್ಲ ಮುಗಿಯುತ್ತದೆ. ಕಣ್ಣು ಬಿಟ್ಟರೆ ಮತ್ತೆ ಅದೇ ಬೆಂಕಿಯ ಪಕ್ಕದಲ್ಲಿ ಮಲಗಿರುತ್ತೀರಿ. ಪಾಯಿಂಟ್ ಇಲ್ಲ, ಲೆವೆಲ್ ಇಲ್ಲ, ಬಂದೂಕು ಇಲ್ಲ. ಮೊದಲ ದಿನ ಕೈಗೆ ಸಿಕ್ಕ ನೌಕೆಯೇ ಕೊನೆಯವರೆಗೂ. ಬೆಳೆಯುವುದು ಒಂದೇ, ನಿಮ್ಮ ತಲೆಯೊಳಗಿನ ತಿಳಿವಳಿಕೆ. ಯಾವ ಗ್ರಹಕ್ಕೆ ಯಾವ ಹೊತ್ತಿಗೆ ಹೋಗಬೇಕು, ಎಲ್ಲಿ ಸುಮ್ಮನಿರಬೇಕು, ಎಲ್ಲಿ ಧೈರ್ಯ ಮಾಡಿ ಬೀಳಬೇಕು, ಇದೇ ಬೀಗ, ಇದೇ ಕೀಲಿಕೈ.

ಆ ಕೀಲಿಕೈ ಒಮ್ಮೆ ಸಿಕ್ಕರೆ ಕಳೆದುಕೊಳ್ಳಲು ಆಗುವುದಿಲ್ಲ. ನಾನು ಎರಡನೇ ಸಲ ಶುರು ಮಾಡಿದಾಗ ನೌಕೆ ಮೇಲೇಳುತ್ತಿದ್ದ ಹಾಗೆಯೇ ಗೊತ್ತಾಗಿಹೋಯಿತು, ಇಲ್ಲಿ ನನಗೆ ಕೆಲಸವಿಲ್ಲ ಅಂತ. ಜೋಡಿ ಗ್ರಹಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಮರಳು ಸುರಿಯುತ್ತಿತ್ತು. ಮೊದಲ ಸಲ ಅದನ್ನು ಬಾಯಿ ಬಿಟ್ಟುಕೊಂಡು ನೋಡಿದ್ದೆ. ಈಗ ಅದು ಬರೀ ಗಡಿಯಾರ: ಇಷ್ಟು ಮರಳು ಇಳಿದರೆ ಆ ಬಾಗಿಲು ಸಿಗುತ್ತದೆ, ಅಷ್ಟೇ. ಎಲ್ಲ ಬಲ್ಲವರು ಹೊಸದಾಗಿ ಶುರು ಮಾಡಿ ಅರ್ಧ ಗಂಟೆಯೊಳಗೆ ಕೊನೆ ಮುಟ್ಟಬಹುದು. ಮೊದಲ ಸಲ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಆಟ ಇದೇನಾ ಅನ್ನಿಸುತ್ತದೆ. ನಾನು ಬ್ರಿಟಲ್ ಹಾಲೋ ಗ್ರಹಕ್ಕೆ ಹೋಗಿ, ಅಲ್ಲಿ ಬ್ಯಾಂಜೋ ನುಡಿಸುತ್ತಾ ಕೂತಿರುವ ರೀಬೆಕ್ ಪಕ್ಕ ಸ್ವಲ್ಪ ಹೊತ್ತು ಕೂತು, ಆಟ ಮುಚ್ಚಿದೆ.

ಇದರ ಪಕ್ಕದಲ್ಲಿ ಇಡಬೇಕಾದ್ದು ರಿಟರ್ನ್ ಆಫ್ ದಿ ಓಬ್ರಾ ಡಿನ್. ಲೂಕಸ್ ಪೋಪ್ ಬಹುಮಟ್ಟಿಗೆ ಒಬ್ಬರೇ ಕೂತು ಮಾಡಿದ ಆಟ, 2018ರದ್ದು. ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು ಕಾಣೆಯಾಗಿ, 1807ರಲ್ಲಿ ಜನವೇ ಇಲ್ಲದೆ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತೇಲಿಬರುತ್ತದೆ. ನೀವು ಕಂಪನಿಯ ಕಡೆಯಿಂದ ನಷ್ಟದ ಲೆಕ್ಕ ಬರೆಯಲು ಬಂದವರು. ಮೈಸೂರಿನವನಾದ ನನಗೆ ಇಸವಿ ನೋಡಿದ ಕೂಡಲೇ ಶ್ರೀರಂಗಪಟ್ಟಣ ನೆನಪಾಯಿತು. 1799ರಲ್ಲಿ ಕೋಟೆ ಬಿದ್ದು ಆಗಿನ್ನೂ ಎಂಟೇ ವರ್ಷ. ಅದೇ ಕಂಪನಿ, ಅದೇ ಕಾಲ. ಹಡಗಿನ ಪಟ್ಟಿಯಲ್ಲಿ ಇಂಡಿಯಾದ ನಾವಿಕರೂ ಇದ್ದಾರೆ. ಅವರ ಹೆಸರು ಹುಡುಕುವಾಗ ನಾನು ಬೇರೆಯವರಿಗಿಂತ ಜಾಸ್ತಿ ಹೊತ್ತು ನಿಂತು ನೋಡಿದೆ.

ಒಟ್ಟು 60 ಜನ. ಒಬ್ಬೊಬ್ಬರೂ ಯಾರು, ಹೇಗೆ ಸತ್ತರು ಅಥವಾ ಎಲ್ಲಿ ಹೋದರು ಅಂತ ನೀವೇ ಕಂಡುಹಿಡಿಯಬೇಕು. ಕೈಯಲ್ಲಿ ಒಂದು ಮಾಯದ ಜೇಬು ಗಡಿಯಾರ. ಹೆಣದ ಮುಂದೆ ಹಿಡಿದರೆ ಸಾವಿನ ಆ ಕ್ಷಣ ಕಣ್ಣೆದುರು ನಿಂತುಬಿಡುತ್ತದೆ. ಚಿತ್ರವೆಲ್ಲ ಬರೀ ಎರಡು ಬಣ್ಣ, ಚುಕ್ಕೆಗಳ ಗೆರೆ. ಸುಳಿವು ಸಿಗುವುದು ಮಾತಿನ ಧಾಟಿಯಲ್ಲಿ, ತೂಗುಮಂಚದ ನಂಬರಿನಲ್ಲಿ, ಅದರಲ್ಲಿ ಮಲಗಿದವರ ಕಾಲಿನ ಬೂಟಿನಲ್ಲಿ. ಮೂರು ಜನರದ್ದು ಸರಿಯಾಗಿ ಬರೆದರೆ ಮಾತ್ರ ಆಟ 'ಸರಿ' ಅನ್ನುತ್ತದೆ, ಹಾಗಾಗಿ ಕಣ್ಣು ಮುಚ್ಚಿ ಊಹೆ ಮಾಡಿ ದಾಟಲು ಆಗುವುದಿಲ್ಲ. ಆ ಮೂರು ಹೆಸರು ಒಟ್ಟಿಗೆ ಪಕ್ಕಾ ಆದಾಗ ಆಗುವ ಖುಷಿ ಬೇರೆ ಯಾವ ಆಟದಲ್ಲೂ ನನಗೆ ಸಿಕ್ಕಿಲ್ಲ.

ಎರಡೂ ತಿಳಿವಳಿಕೆಯ ಆಟಗಳೇ. ಆದರೆ ಎರಡನೇ ಸಲ ಆಡಿದಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ಔಟರ್ ವೈಲ್ಡ್ಸ್‌ನಲ್ಲಿ ತಿಳಿದುಕೊಳ್ಳುವುದು ದೊಡ್ಡ ದೊಡ್ಡ ಸತ್ಯಗಳನ್ನು, ಅವು ಮರೆಯುವುದಿಲ್ಲ. ಓಬ್ರಾ ಡಿನ್‌ನಲ್ಲಿ ತಿಳಿದುಕೊಳ್ಳುವುದು ಅರವತ್ತು ಸಣ್ಣ ಸಣ್ಣ ಸಂಗತಿಗಳನ್ನು, ಅವು ಜಾರಿಹೋಗುತ್ತವೆ. ಕೆಲವು ವರ್ಷ ಬಿಟ್ಟು ಹಿಡಿದರೆ, ತುಂಬಿಸಿಟ್ಟ ಹಳೇ ಪದಬಂಧದಲ್ಲಿ ಅರ್ಧ ಅಳಿಸಿಹೋದ ಹಾಗಿರುತ್ತದೆ. ನನಗೆ ಕಥೆ ನೆನಪಿತ್ತು, ಕ್ಯಾಪ್ಟನ್ ಯಾರು ಅಂತ ನೆನಪಿತ್ತು, ಆದರೆ ಹಗ್ಗ ಹತ್ತುವ ನಾವಿಕರಲ್ಲಿ ಯಾರು ಯಾರು ಅಂತ ಮತ್ತೆ ಹುಡುಕಲೇಬೇಕಾಯಿತು. ಪೂರ್ತಿ ಮುಗಿಸಲಿಲ್ಲ, ಆದರೆ ಆಡಿದಷ್ಟು ಚೆನ್ನಾಗಿತ್ತು. ಹಾಗಾಗಿ ಮೊದಲ ಸಲದ ಸುಖಕ್ಕೆ ಔಟರ್ ವೈಲ್ಡ್ಸ್ ಮೇಲು, ಕೈಯಲ್ಲಿ ಇಟ್ಟುಕೊಳ್ಳಲು ಓಬ್ರಾ ಡಿನ್ ಮೇಲು.

ಇನ್ನೊಂದು ವಿಷಯದಲ್ಲಿ ಮಾತ್ರ ಔಟರ್ ವೈಲ್ಡ್ಸ್‌ಗೆ ಸಾಟಿಯಿಲ್ಲ. ಬೇರೆಯವರು ಆಡುವುದನ್ನು ನೋಡುವ ಸುಖ. ಮಂಡ್ಯದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಅದನ್ನು ಹಾಕಿಕೊಟ್ಟೆ. ಬ್ರಿಟಲ್ ಹಾಲೋದ ಹೊಟ್ಟೆಯೊಳಗೆ ಒಂದು ಕಪ್ಪುಕುಳಿ ಇದೆ. ಗ್ರಹದ ನೆಲ ಚೂರುಚೂರಾಗಿ ಅದರೊಳಕ್ಕೆ ಬೀಳುತ್ತಾ ಇರುತ್ತದೆ. ಹುಡುಗ ಅಂಚಿನಲ್ಲಿ ನಿಂತು ಕೆಳಗೆ ನೋಡಿದ.

'ಅಣ್ಣ, ಇದ್ರೊಳಗೆ ಬಿದ್ರೆ ಸತ್ತೋಗ್ತೀನಾ?'

'ನಂಗೇನ್ ಕೇಳ್ತೀಯೋ? ನೀನೇ ನೋಡು.'

'ಹೇಳಣ್ಣ, ಸುಮ್ನೆ ಟೈಮ್ ವೇಸ್ಟ್ ಆಗುತ್ತೆ.'

ನಾನು ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅವನು ಕಾಲಿಟ್ಟಿದ್ದ ನೆಲವೇ ಕಳಚಿಕೊಂಡಿತು. ಬಿದ್ದ. ಆಮೇಲೆ ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ, ಆದರೆ ಅವನು ಕಂಟ್ರೋಲರ್ ಕೆಳಗಿಟ್ಟು ಎದ್ದು ನಿಂತುಬಿಟ್ಟ. ನನ್ನ ಎರಡನೇ ಆಟ ಅದೇ. ನಾನೇ ಆಡಿದ್ದಾಗ ಸಿಗದ ಹಳೇ ಅಚ್ಚರಿ ಅವನ ಮುಖದಲ್ಲಿ ಪೂರ್ತಿ ಸಿಕ್ಕಿತು. ಅಲ್ಲಿ ಕರೆಂಟ್ ಹೋಗುವುದು ಮಾಮೂಲು, ಅದಕ್ಕೂ ಈ ಆಟ ಒಗ್ಗುತ್ತದೆ. ಹೋದರೆ ಹೋಗುವುದು 22 ನಿಮಿಷದ ಒಂದು ಸುತ್ತು ಮಾತ್ರ.

ಈಗ ಉದ್ದನೆ ಆಟಗಳು. ರೆಡ್ ಡೆಡ್ ರಿಡೆಂಪ್ಷನ್ 2 ಪ್ಲೇಸ್ಟೇಷನ್‌ನಂಥ ಕನ್ಸೋಲ್‌ಗೆ ಬಂದಿದ್ದು 2018ರ ಅಕ್ಟೋಬರ್‌ನಲ್ಲಿ, ಪಿಸಿಗೆ ಮರುವರ್ಷ. ಅದೇ 2018ರ ಅಕ್ಟೋಬರ್‌ನಲ್ಲೇ ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿಯೂ ಬಂತು. ಒಡಿಸ್ಸಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೇ ಗ್ರೀಸ್ ತುಂಬಾ ಚೆಂದ, ಹಡಗಿನ ಮೇಲಿನ ಹಾಡುಗಳು ಇನ್ನೂ ಕಿವಿಯಲ್ಲಿವೆ. ಕಸಾಂಡ್ರಾ ಆಗಿ ಆಡ್ತೀಯಾ, ಅಲೆಕ್ಸಿಯೋಸ್ ಆಗಿ ಆಡ್ತೀಯಾ ಅಂತ ಆಯ್ಕೆ ಕೊಟ್ಟು ಎರಡನೇ ಸಲ ಬಾ ಅಂತ ಕರೆಯುತ್ತದೆ ಕೂಡ. ಆದರೆ ಮ್ಯಾಪ್ ತುಂಬಾ, ಹೋಗಿ ನೋಡಬೇಕಾದ ಜಾಗಗಳ ಪ್ರಶ್ನೆಚಿಹ್ನೆ. ಅವನ್ನೆಲ್ಲ ಮತ್ತೆ ಒರೆಸಬೇಕಲ್ಲ ಅಂತ ನೆನೆದರೇ ಸಾಕು, ಬೆರಳು ಹಿಂದೆ ಸರಿಯುತ್ತದೆ. ಅದು ದಣಿವಿನ 'ಬೇಡ'.

ರೆಡ್ ಡೆಡ್‌ನದು ಬೇರೆ. ಅಲ್ಲಿ ಎಲ್ಲವೂ ನಿಧಾನ. ಜಿಂಕೆ ಹೊಡೆದರೆ ಕಥಾನಾಯಕ, ದರೋಡೆ ಗುಂಪಿನ ಆರ್ಥರ್ ಮಾರ್ಗನ್ ಮೊಣಕಾಲೂರಿ ತೊಗಲು ಸುಲಿಯುತ್ತಾನೆ, ಸುತ್ತುತ್ತಾನೆ, ಕುದುರೆ ಬೆನ್ನಿಗೆ ಹೇರುತ್ತಾನೆ. ಪ್ರತಿ ಸಲವೂ ಪೂರ್ತಿ ಕಾಯಬೇಕು. ಮೊದಲ ಸಲ ಆ ನಿಧಾನವೇ ನನ್ನನ್ನು 1899ರ ಅಮೆರಿಕಕ್ಕೆ ಒಗ್ಗಿಸಿತು. ರಾತ್ರಿ ಊಟ ಆದಮೇಲೆ ಕೂತು, ಮಿಷನ್ ಏನೂ ಮಾಡದೆ ಮೀನು ಹಿಡಿದು, ಕ್ಯಾಂಪಿಗೆ ಹೋಗಿ ಯಾರದೋ ಜಗಳ ಕೇಳಿ, ಆರ್ಥರ್ ಡೈರಿಯಲ್ಲಿ ಬರೆದ ಪೆನ್ಸಿಲ್ ಚಿತ್ರ ನೋಡಿ ಮಲಗುತ್ತಿದ್ದೆ. ಎರಡನೇ ಸಲಕ್ಕೆ ಮೊದಲ ಅಧ್ಯಾಯದ ಹಿಮವೇ ಅಡ್ಡ ಬರುತ್ತದೆ. ಕುದುರೆ ಕಾಲೆಳೆದುಕೊಂಡು ನಡೆಯುತ್ತದೆ, ದಾರಿ ಸ್ವಲ್ಪ ತಪ್ಪಿದರೂ ಮಿಷನ್ ಫೇಲ್.

ಹಿಮ ದಾಟಿದೆ. ನಿಂತಿದ್ದು ಮುಂದಿನ ಅಧ್ಯಾಯದಲ್ಲಿ. ಸಾಲ ವಸೂಲಿಗೆ ಅಂತ ಆರ್ಥರ್ ಒಬ್ಬ ಬಡ ರೈತನ ಮನೆಗೆ ಹೋಗುತ್ತಾನೆ. ಕಾಯಿಲೆಯ ಮನುಷ್ಯ. ಹೊಡೆಯುವಾಗ ಅವನು ಕೆಮ್ಮುತ್ತಾನೆ. ಮೊದಲ ಸಲ ಅದೊಂದು ಸಣ್ಣ ಕೆಲಸ, ಮಾಡಿ ಮರೆತಿದ್ದೆ. ಆರ್ಥರ್‌ನ ಕ್ಷಯ ಅಲ್ಲಿಂದಲೇ ಅಂಟಿದ್ದು ಅಂತ ಈಗ ಗೊತ್ತು. ತಪ್ಪಿಸಲು ದಾರಿ ಇಲ್ಲ, ಆ ಮಿಷನ್ ಮಾಡಲೇಬೇಕು. ಬಟನ್ ಒತ್ತಲು ನನ್ನಿಂದ ಆಗಲಿಲ್ಲ. ಇಷ್ಟು ಉದ್ದದ ಆಟದಲ್ಲಿ ಒಬ್ಬನ ಜೊತೆ ಅಷ್ಟು ದಿನ ಕಳೆದ ಮೇಲೆ, ಅವನನ್ನು ಇನ್ನೊಮ್ಮೆ ಅದೇ ದಾರಿಗೆ ಹಚ್ಚುವುದು ಹೇಗೆ? ಹೊತ್ತಿಲ್ಲ ಅನ್ನುವುದು ಬರೀ ಅರ್ಧ ಕಾರಣ.

ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2ರಲ್ಲಿ ಈ ಭಾರ ಇನ್ನೂ ಜಾಸ್ತಿ, ಮೊದಲ ಸಲಕ್ಕೇ. 2020ರ ಜೂನ್‌ನಲ್ಲಿ ಬಂತು, ಕೊರೊನಾ ಭಯ ತಲೆಯೊಳಗಿದ್ದ ಕಾಲ. ಸೋಂಕಿನಿಂದ ಹಾಳಾದ ಲೋಕದ ಕಥೆಯನ್ನು ಆಗ ಆಡಿದ್ದು ನನ್ನ ಮನಸ್ಸಿಗೆ ಸುಲಭವಾಗಿರಲಿಲ್ಲ. ಕಥಾನಾಯಕಿ ಎಲೀ ಸೇಡಿಗೆ ಹೊರಡುತ್ತಾಳೆ. ಅವಳ ಕೈಯಲ್ಲಿ ಸತ್ತವನ ಹೆಸರು ಹಿಡಿದು ಅವನ ಗೆಳೆಯರು ಕೂಗುತ್ತಾರೆ. ಅರ್ಧ ದಾರಿಯಲ್ಲಿ ಆಟ ನಿಮ್ಮನ್ನು ಎದುರಾಳಿಯ ಕಡೆಗೆ ದಾಟಿಸುತ್ತದೆ. ಅದೇ ಸಿಯಾಟಲ್, ಅದೇ ಮೂರು ದಿನ, ಈಗ ಆಬಿಯ ಕಣ್ಣಿನಿಂದ. ಒಂದು ಕಡೆ ನೀವು ಕೊಂದ ನಾಯಿಯ ಜೊತೆ ಇನ್ನೊಂದು ಕಡೆ ಚೆಂಡು ಎಸೆದು ಆಡುತ್ತೀರಿ. ನಾನು ನೋಡಿದ ಆಟಗಳಲ್ಲಿ ಇಷ್ಟು ಧೈರ್ಯದ ಕೆಲಸ ಇನ್ನೊಂದಿಲ್ಲ. ಮತ್ತೆ ಶುರು ಮಾಡಿದಾಗ ಮೊದಲ ಕೆಲವು ಗಂಟೆಗಳಲ್ಲೇ ಬರುವ, ಆ ಸೇಡಿಗೆ ಕಾರಣವಾದ ಘಟನೆಗೆ ಮೊದಲೇ ನಿಲ್ಲಿಸಿದೆ.

ಇದರ ಜೊತೆಗೆ ದಿಸ್ ವಾರ್ ಆಫ್ ಮೈನ್ ಇಟ್ಟು ನೋಡಿ. ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ಮಾಡಿದ್ದು. ತೊಂಬತ್ತರ ದಶಕದ ಸರಾಯೆವೋ ಮುತ್ತಿಗೆಯಿಂದ ಹುಟ್ಟಿದ ಕಲ್ಪನೆ. ಯುದ್ಧದಲ್ಲಿ ಸಿಕ್ಕಿಬಿದ್ದ ಸಾಮಾನ್ಯ ಜನ ನೀವು. ಹಗಲು ಮನೆಯೊಳಗೆ, ರಾತ್ರಿ ಒಬ್ಬರು ಹೊರಗೆ ಹೋಗಿ ಊಟ, ಔಷಧಿ ಹುಡುಕಬೇಕು. ಇದು ಮತ್ತೆ ಮತ್ತೆ ಆಡಲಿ ಅಂತಲೇ ಕಟ್ಟಿದ ಆಟ, ಪ್ರತಿ ಸಲವೂ ಜನ ಬೇರೆ, ಚಳಿಗಾಲ ಬರುವ ಹೊತ್ತು ಬೇರೆ. ಆದರೂ ಒಂದು ಮುದಿ ಗಂಡ ಹೆಂಡತಿಯ ಮನೆಗೆ ನುಗ್ಗಿ ಔಷಧಿ ತಂದ ರಾತ್ರಿ ನನಗೆ ಸಾಕಾಯಿತು. ಅಜ್ಜ ಹಿಂದೆ ಹಿಂದೆಯೇ ಬಂದು ಬೇಡಿಕೊಳ್ಳುತ್ತಾರೆ. ಕೈ ಎತ್ತುವುದಿಲ್ಲ. ಪಾತ್ರ ಬದಲಾದರೂ ಆ ಬಾಗಿಲು ನೆನಪಿನಿಂದ ಹೋಗುವುದಿಲ್ಲ. ಇವೆರಡರಲ್ಲಿ ಒಂದನ್ನೇ ಆಡುವುದಾದರೆ ನಾನು ದಿಸ್ ವಾರ್ ಆಫ್ ಮೈನ್ ಅನ್ನುತ್ತೇನೆ. ಚಿಕ್ಕದು, ಅಗ್ಗದ್ದು, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಹೇಳಬೇಕಾದ್ದನ್ನು ಒಂದೆರಡು ಸಂಜೆಯಲ್ಲಿ ಹೇಳುತ್ತದೆ. ಪಾರ್ಟ್ 2ರ ಕಥೆ ಸಾಕು, ಹೊಡೆದಾಟ ಮಾತ್ರ ಬೇಕು ಅನ್ನುವವರಿಗೆ 2024ರ ಪಿಎಸ್5 (ಪ್ಲೇಸ್ಟೇಷನ್ 5) ರಿಮಾಸ್ಟರ್‌ನಲ್ಲಿ, ಅಂದರೆ ತಿದ್ದಿ ಮತ್ತೆ ಹೊರತಂದ ಆವೃತ್ತಿಯಲ್ಲಿ, 'ನೋ ರಿಟರ್ನ್' ಅನ್ನೋ ಬೇರೆ ಮೋಡ್ ಇದೆ. ಅದು ನಿಜಕ್ಕೂ ಮತ್ತೆ ಮತ್ತೆ ಆಡುವಂಥದ್ದು.

ದುಡ್ಡಿನ ಮಾತು. ಪಿಎಸ್4ನಲ್ಲಿ ರೆಡ್ ಡೆಡ್ 2, ಪಾರ್ಟ್ 2 ಎರಡೂ ಎರಡೆರಡು ಡಿಸ್ಕಿನಲ್ಲಿ ಬಂದವು. ಮೈಸೂರಿನಲ್ಲಿ ನಮ್ಮ ಗೆಳೆಯರ ನಡುವೆ ಡಿಸ್ಕ್ ಕೈಯಿಂದ ಕೈಗೆ ಓಡಾಡುತ್ತಲೇ ಇರುತ್ತದೆ, ಹಾಗಾಗಿ ಇಂಥ ಆಟಗಳನ್ನು ಸೆಕೆಂಡ್ ಹ್ಯಾಂಡ್ ತಗೊಂಡು, ಮುಗಿಸಿ, ಮುಂದಕ್ಕೆ ಕೊಡುವುದೇ ಜಾಣತನ. ತಗೊಳ್ಳುವಾಗ ಎರಡೂ ಡಿಸ್ಕ್ ಇವೆಯಾ ಅಂತ ಡಬ್ಬ ತೆಗೆದು ನೋಡಿ. ಪಿಸಿಯವರು ರೆಡ್ ಡೆಡ್‌ಗೆ 150 ಜಿಬಿ ಜಾಗ ಬಿಡಬೇಕು, ಮುಗಿದ ಕೂಡಲೇ ತೆಗೆದುಹಾಕಿ, ಮರುಕ ಬೇಡ. ಓಬ್ರಾ ಡಿನ್ ತೀರಾ ಚಿಕ್ಕದು, ಅದು ಮೂಲೆಯಲ್ಲಿ ಇರಲಿ.

ಔಟರ್ ವೈಲ್ಡ್ಸ್ ಕೊಳ್ಳುವವರಿಗೆ ಮಾತ್ರ ಒಂದು ಮಾತು. 2021ರಲ್ಲಿ ಅದೇ ಆಟಕ್ಕೆ ಸೇರಿಸಿಕೊಳ್ಳುವ 'ಎಕೋಸ್ ಆಫ್ ದಿ ಐ' ಅನ್ನೋ ಹೆಚ್ಚುವರಿ ಭಾಗ ಬಂದಿದೆ. ಆ ಲೋಕಕ್ಕೆ ಏನೂ ಗೊತ್ತಿಲ್ಲದವರಾಗಿ ಮತ್ತೊಮ್ಮೆ ಹೋಗಲು ಉಳಿದಿರುವ ದಾರಿ ಅದೊಂದೇ. ಎರಡೂ ಸೇರಿಸಿ ಅಗ್ಗಕ್ಕೆ ಸಿಕ್ಕರೆ ತಗೊಳ್ಳಿ, ಆದರೆ ಅದನ್ನು ಆಗಲೇ ಇನ್‌ಸ್ಟಾಲ್ ಮಾಡಬೇಡಿ. ಮೊದಲ ಆಟ ಮುಗಿಸಿ, ಕೆಲವು ತಿಂಗಳು ಬಿಟ್ಟು, ದಸರಾ ರಜೆಗೋ ಬೇಸಿಗೆ ರಜೆಗೋ ತೆಗೆಯಿರಿ. ಯೂಟ್ಯೂಬ್‌ನಲ್ಲಿ ಅದರ ಹೆಸರು ಹುಡುಕಲೇಬೇಡಿ, ಥಂಬ್‌ನೇಲ್‌ಗಳೇ ಅರ್ಧ ಗುಟ್ಟು ಬಿಟ್ಟುಕೊಡುತ್ತವೆ.