ದಿನಚರಿ, ಮೌನ, ಕಳುಹಿಸದ ಪತ್ರ: ಮೂರನ್ನೂ ಮಾಡಿ ನೋಡಿದ ಮೇಲೆ

ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕಿಗೆ ಜನವರಿ ಬಂತೆಂದರೆ ತಲೆ ತಣ್ಣಗಿರುವುದಿಲ್ಲ. ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆ, ಫಲಿತಾಂಶದ ಸಭೆಗಳು, ನಡುವೆ ಬಿಸಿಯೂಟದ ಲೆಕ್ಕ. ಅಂಥದ್ದೊಂದು ದಿನ ಸಹಶಿಕ್ಷಕರೊಬ್ಬರನ್ನು ಮಕ್ಕಳ ಎದುರೇ ಗದರಿಬಿಟ್ಟೆ. ಆ ನಾಚಿಕೆಯಿಂದಲೇ, ಕೋಪ ಇಳಿಸಿಕೊಳ್ಳಲು ಈ ಮೂರು ಅಭ್ಯಾಸಗಳನ್ನು ಒಂದಾದ ಮೇಲೊಂದರಂತೆ ಹಿಡಿದೆ.

ರಾತ್ರಿಯ ದಿನಚರಿಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಒಗ್ಗಲಿಲ್ಲ. ಹತ್ತು ದಿನ ಕಳೆದು ಪುಟ ತಿರುವಿದರೆ ಅದು ಹಾಜರಿ ಪುಸ್ತಕದಂತಿತ್ತು: ಯಾರು ತಡವಾಗಿ ಬಂದರು, ಯಾರು ಅಂಕಪಟ್ಟಿ ಕೊಡಲಿಲ್ಲ. ನನ್ನ ತಪ್ಪು ಒಂದೂ ಇಲ್ಲ! ಬರೆದಷ್ಟೂ ನಿದ್ದೆ ದೂರವಾಯಿತು.

ಮೌನ ವಾಸಿ. ಗಾಂಧೀಜಿ ಸೋಮವಾರಗಳಂದು ಮೌನವಿದ್ದು, ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಶಾಲೆಯಲ್ಲಿ ಅದು ನಡೆಯುವ ಮಾತಲ್ಲ. ಕೋಣೆಯ ಬಾಗಿಲು ಹಾಕಿ ಕಾಲು ಗಂಟೆ ಕುಳಿತರೆ 'ಮೇಡಂ ಯಾರ ಮೇಲೆ ಕೋಪ ಮಾಡಿಕೊಂಡಿದ್ದಾರೆ?' ಎಂಬ ಗುಸುಗುಸು ಶುರುವಾಯಿತು. ಹಾಗಾಗಿ ಪ್ರಾರ್ಥನೆಗೆ ಅರ್ಧ ಗಂಟೆ ಮೊದಲೇ ಬಂದು ಮೈದಾನದ ಹೊಂಗೆ ಮರದ ಕೆಳಗೆ ಕೂರತೊಡಗಿದೆ. ಆ ತಂಪು ಮೂರನೇ ಪೀರಿಯಡ್‌ವರೆಗೆ ಬರುತ್ತದೆ, ಅಷ್ಟೇ.

ನಿಜವಾಗಿ ಕೈಹಿಡಿದದ್ದು ಕಳುಹಿಸದ ಪತ್ರ. ಅಮೆರಿಕದ ಅಂತರ್ಯುದ್ಧದ ವೇಳೆ, 1863ರ ಜುಲೈನಲ್ಲಿ, ಗೆಟ್ಟಿಸ್‌ಬರ್ಗ್ ಕದನದಲ್ಲಿ ಸೋತ, ಬಂಡೆದ್ದ ದಕ್ಷಿಣ ರಾಜ್ಯಗಳ ಸೇನಾಪತಿ ಲೀಯ ಸೇನೆ ನದಿ ದಾಟಿ ತಪ್ಪಿಸಿಕೊಂಡಾಗ, ಅಧ್ಯಕ್ಷ ಲಿಂಕನ್ ತಮ್ಮ ಸೇನಾನಿ ಮೀಡ್‌ಗೆ ಕಟುವಾದ ಪತ್ರ ಬರೆದರು. ಸಹಿ ಹಾಕಲಿಲ್ಲ, ಕಳುಹಿಸಲೂ ಇಲ್ಲ. ನನ್ನ ಯುದ್ಧ ಅಷ್ಟು ದೊಡ್ಡದಲ್ಲ. ಸಭೆಯೊಂದರಲ್ಲಿ ಮೇಲಧಿಕಾರಿಯೊಬ್ಬರು ನಮ್ಮ ಶಾಲೆಯ ಫಲಿತಾಂಶವನ್ನು ಗೇಲಿ ಮಾಡಿದ್ದರು. ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ನಾಲ್ಕು ಪುಟ ಬರೆದೆ. ಬೆಳಿಗ್ಗೆ ಓದಿದರೆ ಉಳಿಸಿಕೊಳ್ಳಬೇಕಾದ ವಾಕ್ಯ ಒಂದೇ: ಗಣಿತ ಶಿಕ್ಷಕರ ಹುದ್ದೆ ಜೂನ್‌ನಿಂದ ಖಾಲಿಯಿದೆ. ಅದನ್ನಷ್ಟೇ ಫೋನಿನಲ್ಲಿ ಹೇಳಿದೆ, ದನಿ ಏರಲಿಲ್ಲ. ದಿನಚರಿಯಲ್ಲಿ ಕೋಪ ಕುಳಿತಲ್ಲೇ ಹುಳಿಯುತ್ತಿತ್ತು. ಪತ್ರದಲ್ಲಿ ಎದುರಿಗೊಬ್ಬರು ಇರುವುದರಿಂದ ಅವರ ಉತ್ತರವನ್ನೂ ಊಹಿಸಬೇಕಾಗುತ್ತದೆ. ಅರ್ಧ ಕೋಪ ಅಲ್ಲೇ ಇಳಿಯುತ್ತದೆ.

ಒಂದು ಎಚ್ಚರಿಕೆ: ಇದನ್ನು ಮೊಬೈಲ್‌ನಲ್ಲಿ ಬರೆಯಬೇಡಿ. ಒಮ್ಮೆ ಅರ್ಧ ಬರೆದದ್ದು ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಹೋಗುವುದರಲ್ಲಿತ್ತು. ಈಗ ಕಾಗದವೇ ಸೈ. ಮರುದಿನ ಓದಿ, ಸ್ನಾನದ ನೀರು ಕಾಯಿಸುವ ಒಲೆಗೆ ಹಾಕುತ್ತೇನೆ.