ಮಾರ್ಟಿನ್ ಲೂಥರ್ ಕಿಂಗ್ ಒಬ್ಬರೇ ಅಲ್ಲ: ನಮ್ಮ ಒಂಬತ್ತನೇ ಕ್ಲಾಸಿಗೆ ತಂದ ಕಾರ್ಡ್ ಸೆಟ್

ದಾವಣಗೆರೆಯ ಹೈಸ್ಕೂಲ್ ಮೈದಾನದ ಹತ್ತಿರ ಡಿಸೆಂಬರ್‌ನಲ್ಲಿ ಒಂದು ಪುಸ್ತಕದ ಮಳಿಗೆ ಹಾಕಿದ್ದರು. ಈ ಡಬ್ಬಿ ಸಿಕ್ಕಿದ್ದು ಅಲ್ಲಿ. ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟದ ಬಗ್ಗೆ ಕನ್ನಡದಲ್ಲೇ ಮಾಡಿದ ಕಾರ್ಡ್ ಸೆಟ್. ಒಳಗೆ 32 ಕಾರ್ಡ್, ಗೋಡೆಗೆ ಹಾಕುವ ಒಂದು ನಕ್ಷೆ, ಶಿಕ್ಷಕರಿಗೆ 20 ಪುಟದ ಕೈಪಿಡಿ. ಬೆಲೆ 480 ರೂಪಾಯಿ. ಪ್ರಕಾಶಕರ ಹೆಸರು ಬರೆಯುತ್ತಿಲ್ಲ. ತಪ್ಪುಗಳ ಪಟ್ಟಿ ಮಾಡಿ ಅವರಿಗೇ ಕಳಿಸಿದ್ದೇನೆ, ಮುಂದಿನ ಮುದ್ರಣದಲ್ಲಿ ತಿದ್ದುತ್ತೇವೆ ಅಂದಿದ್ದಾರೆ.

ನಾನು ದಾವಣಗೆರೆ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ 14 ವರ್ಷದಿಂದ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೇ ಅನ್ನುವ ಬಗ್ಗೆ ಗಾಂಧಿ ಮತ್ತು ಅಂಬೇಡ್ಕರ್ ನಡುವೆ ಆದ 1932ರ ಪೂನಾ ಒಪ್ಪಂದದ ಪಾಠಕ್ಕೆ ಬಂದಾಗ ಪ್ರತಿ ವರ್ಷ ಒಂದೇ ಕಷ್ಟ. "ಮಿಸ್, ಗಾಂಧಿ ಸರಿನಾ, ಅಂಬೇಡ್ಕರ್ ಸರಿನಾ?" ಅಂತ ಒಬ್ಬರು ಕೇಳುತ್ತಾರೆ. ಕೇಳಿದ ತಕ್ಷಣ ಕ್ಲಾಸು ಗಪ್ಪಾಗುತ್ತದೆ. ಯಾರ ಮನೆಯಲ್ಲಿ ಯಾರ ಫೋಟೋ ಇದೆ ಅಂತ ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ಕೂತವರ ಮನಸ್ಸಿಗೆ ನೋವಾದೀತು ಅಂತ ಯಾರೂ ಬಾಯಿ ಬಿಡುವುದಿಲ್ಲ. ದೂರದ ಊರಿನ ವಾದ ಆದರೆ ಮಕ್ಕಳು ಧೈರ್ಯವಾಗಿ ಮಾತಾಡುತ್ತಾರೆ, ಆಮೇಲೆ ನಮ್ಮ ಊರಿಗೆ ಬರಬಹುದು ಅನ್ನಿಸಿತು. ಅದಕ್ಕೇ ಈ ಸೆಟ್ ತಂದೆ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಬುಕರ್ ಟಿ. ವಾಷಿಂಗ್ಟನ್ ಮತ್ತು ಡಬ್ಲ್ಯೂ.ಇ.ಬಿ. ಡುಬೋಯಿಸ್ ಅವರ ಜೋಡಿ ಕಾರ್ಡ್ ಬಹಳ ಚೆನ್ನಾಗಿದೆ. ವಾಷಿಂಗ್ಟನ್ ಹುಟ್ಟುವಾಗಲೇ ಗುಲಾಮ. 1881ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಶಾಲೆ ಶುರು ಮಾಡಿದವರು. ಮೊದಲು ಕೈಕೆಲಸ ಕಲಿಯಿರಿ, ಜಮೀನು ಮಾಡಿಕೊಳ್ಳಿ, ಉಳಿದ ಹಕ್ಕು ಆಮೇಲೆ ತಾನಾಗಿ ಬರುತ್ತದೆ ಅನ್ನುವುದು ಅವರ ದಾರಿ. ಡುಬೋಯಿಸ್ 1895ರಲ್ಲಿ ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಪಡೆದವರು. ಅವರಿಗೆ ವೋಟು, ಉನ್ನತ ಶಿಕ್ಷಣ, ಸಮಾನತೆ ಮೂರೂ ಈಗಲೇ ಬೇಕು. 1909ರಲ್ಲಿ ಕಪ್ಪು ಜನರ ಹಕ್ಕಿಗಾಗಿ ಎನ್‌ಎಎಸಿಪಿ ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು.

ಎರಡೂ ಕಾರ್ಡ್ ಓದಿಸಿದ ಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ವರ್ಷಪೂರ್ತಿ ತಾನಾಗಿ ಮಾತಾಡದ ಹುಡುಗ. "ವಾಷಿಂಗ್ಟನ್ ಹೇಳಿದ್ದೇ ಸರಿ ಮಿಸ್. ನಮ್ಮ ಅಣ್ಣ ಐಟಿಐ ಮಾಡಿ ಹರಿಹರದಾಗೆ ಕೆಲಸಕ್ಕೆ ಸೇರಿದ. ಈಗ ಊರಾಗೆ ಎಲ್ಲರೂ ಕರೆದು ಮಾತಾಡಿಸ್ತಾರೆ." ಅವನ ಮುಂದೆ ಕೂತಿದ್ದ ಹುಡುಗಿ ತಿರುಗಿ ಹೇಳಿದಳು: "ವೋಟೇ ಇಲ್ಲ ಅಂದ್ರೆ ಕಟ್ಟಿದ ಮನೆ ಕಿತ್ಕೊಂಡ್ರೂ ಕೇಳೋರು ಯಾರು?" ಡುಬೋಯಿಸ್ ಅವರ ವಾದವೂ ಹೆಚ್ಚು ಕಡಿಮೆ ಇದೇ. ಕಾರ್ಡಿನಲ್ಲಿ ಅಷ್ಟು ವಿವರ ಇರಲಿಲ್ಲ, ಅವಳಿಗೆ ತಾನಾಗಿ ಹೊಳೆದದ್ದು. ಆ ಪೀರಿಯಡ್ ಮುಗಿದ ಬೆಲ್ ನನಗೆ ಕೇಳಿಸಲೇ ಇಲ್ಲ.

ಇಲ್ಲಿ ಒಂದು ಕೊರತೆ ಇದೆ. ವಾಷಿಂಗ್ಟನ್ ಬಹಿರಂಗವಾಗಿ ತಗ್ಗಿ ಬಗ್ಗಿ ಮಾತಾಡಿದರೂ, ಕಪ್ಪು ಜನರ ವೋಟು ಕಿತ್ತುಕೊಂಡದ್ದರ ವಿರುದ್ಧದ ಕೋರ್ಟ್ ಕೇಸುಗಳಿಗೆ ಗುಟ್ಟಾಗಿ ದುಡ್ಡು ಕೊಟ್ಟಿದ್ದರು. ಕಾರ್ಡಿನಲ್ಲಾಗಲಿ ಕೈಪಿಡಿಯಲ್ಲಾಗಲಿ ಇದು ಎಲ್ಲೂ ಇಲ್ಲ. ನಾನೇ ಹೇಳಿದೆ. ಐಟಿಐ ಅಣ್ಣನ ಹುಡುಗನ ಮುಖ ಅರಳಿತು.

ಕಪ್ಪು ಜನರನ್ನು ಬಸ್ಸಿನಲ್ಲಿ ಬೇರೆ ಕೂರಿಸುವುದರ ವಿರುದ್ಧ ಅಲಬಾಮಾದ ಮಾಂಟ್ಗೊಮರಿ ಊರಿನಲ್ಲಿ ನಡೆದ ಬಸ್ ಬಹಿಷ್ಕಾರದ ಕಾರ್ಡುಗಳಿಗೆ ನಾನು ಎರಡು ಪೀರಿಯಡ್ ಕೊಟ್ಟೆ. ನಮ್ಮ ಮಕ್ಕಳಿಗೆ ಬಸ್ಸಿನ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಎಂಟೂವರೆ ಬಸ್ ತಪ್ಪಿದರೆ ಮೊದಲ ಪೀರಿಯಡ್ ಹೋಯಿತು. 381 ದಿನ ಬಸ್ ಹತ್ತಲಿಲ್ಲ ಅಂದಾಗ ಮೊದಲು ಬಂದ ಪ್ರಶ್ನೆ, "ಕೂಲಿಗೆ ಹೆಂಗೆ ಹೋಗ್ತಿದ್ರು ಮಿಸ್?" ಇದಕ್ಕೆ ಕೈಪಿಡಿ ಒಳ್ಳೆಯ ಉತ್ತರ ಕೊಡುತ್ತದೆ. ಕಾರು ಇದ್ದವರು ಇಲ್ಲದವರನ್ನು ಸರದಿ ಮೇಲೆ ಕರೆದೊಯ್ದರು. ಕಪ್ಪು ಟ್ಯಾಕ್ಸಿ ಡ್ರೈವರ್‌ಗಳು ಬಸ್ ಚಾರ್ಜಿನಷ್ಟೇ, 10 ಸೆಂಟ್ ತೆಗೆದುಕೊಂಡರು. ಎಷ್ಟೋ ಜನ ಮೈಲಿಗಟ್ಟಲೆ ನಡೆದರು. ಹೋರಾಟ ಅಂದರೆ ಭಾಷಣ ಒಂದೇ ಅಲ್ಲ, ಯಾರನ್ನು ಯಾವ ಗಾಡಿಯಲ್ಲಿ ಕಳಿಸಬೇಕು ಅನ್ನುವ ಲೆಕ್ಕವೂ ಹೌದು ಅಂತ ಮಕ್ಕಳಿಗೆ ತಿಳಿಯಿತು.

ಆದರೆ ಇದೇ ಭಾಗದಲ್ಲಿ, ಬಿಳಿಯರಿಗೆ ಸೀಟು ಬಿಡದೆ ಅರೆಸ್ಟ್ ಆಗಿ ಈ ಬಹಿಷ್ಕಾರಕ್ಕೆ ಕಾರಣರಾದ ರೋಸಾ ಪಾರ್ಕ್ಸ್ ಅವರ ಕಾರ್ಡ್ ನೋಡಿ ನನಗೆ ಬೇಜಾರಾಯಿತು. "ದಿನವಿಡೀ ಬಟ್ಟೆ ಹೊಲಿದು ದಣಿದಿದ್ದ ಹೆಂಗಸು ಏಳಲಿಲ್ಲ" ಅಂತಷ್ಟೇ ಬರೆದಿದ್ದಾರೆ. ಅವರು 1943ರಿಂದಲೇ ಆ ಊರಿನ ಎನ್‌ಎಎಸಿಪಿ ಶಾಖೆಯ ಕಾರ್ಯದರ್ಶಿ. 1955ರ ಡಿಸೆಂಬರ್ 1ರಂದು ಸೀಟು ಬಿಡದೆ ಕೂತಾಗ ಅವರ ಹಿಂದೆ 12 ವರ್ಷದ ಕೆಲಸ ಇತ್ತು. ಇದನ್ನು ಬಿಟ್ಟರೆ ಅದು ಸುಮ್ನೆ ಕಾಲುನೋವಿನ ಕಥೆ ಆಗುತ್ತದೆ. ಇನ್ನು ಕ್ಲಾಡೆಟ್ ಕಾಲ್ವಿನ್‌ಗೆ ಒಂದು ಕಾರ್ಡೂ ಇಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಅದೇ ಊರಿನ ಬಸ್ಸಿನಲ್ಲಿ ಸೀಟು ಬಿಡದೆ ಅರೆಸ್ಟ್ ಆದ ಹುಡುಗಿ, ವಯಸ್ಸು 15. ಬಸ್ಸಿನಲ್ಲಿ ಬೇರೆ ಬೇರೆ ಕೂರಿಸುವುದು ತಪ್ಪು ಅಂತ 1956ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಕೇಸಿನಲ್ಲಿ ಅವಳೂ ಒಬ್ಬ ಫಿರ್ಯಾದಿ. ನಮ್ಮ ಕ್ಲಾಸಿನ ಹುಡುಗಿಯರಿಗೆ ಇವಳಿಗಿಂತ ಹತ್ತಿರದವರು ಯಾರು?

ದೊಡ್ಡ ತಪ್ಪು ಇರುವುದು ಒಂದೇ ಕಾಲದ ಇಬ್ಬರು ಕಪ್ಪು ನಾಯಕರಾದ ಕಿಂಗ್ ಮತ್ತು ಮಾಲ್ಕಮ್ ಎಕ್ಸ್ ಅವರ ಕಾರ್ಡಿನಲ್ಲಿ. ಎರಡು ಕಾಲಂ ಮಾಡಿ ಒಂದಕ್ಕೆ "ಅಹಿಂಸೆ", ಇನ್ನೊಂದಕ್ಕೆ "ಹಿಂಸೆ" ಅಂತ ತಲೆಬರಹ ಕೊಟ್ಟಿದ್ದಾರೆ. ಚಿತ್ರದಲ್ಲಿ ಒಬ್ಬರು ನಗುತ್ತಿದ್ದಾರೆ, ಇನ್ನೊಬ್ಬರು ಹಲ್ಲು ಕಚ್ಚಿದ್ದಾರೆ. ಹೀಗೆ ಕೊಟ್ಟರೆ ಮಕ್ಕಳು ಯೋಚಿಸುವುದಕ್ಕೆ ಏನು ಉಳಿಯಿತು? ಒಳ್ಳೆಯವರು, ಕೆಟ್ಟವರು ಅಂತ ಟಿಕ್ ಹಾಕಿ ಮುಗಿಸುತ್ತಾರೆ. ಮಾಲ್ಕಮ್ ಹೇಳಿದ್ದು, ಹೊಡೆಯಲು ಬಂದವರಿಂದ ನಮ್ಮನ್ನು ಕಾಪಾಡಿಕೊಳ್ಳುವ ಹಕ್ಕು ನಮಗಿದೆ ಅಂತ. 1964ರಲ್ಲಿ ಮೆಕ್ಕಾಗೆ ಹೋಗಿ ಬಂದ ಮೇಲೆ ಬಿಳಿಯರ ಬಗ್ಗೆ ಅವರ ಮಾತೂ ಬದಲಾಯಿತು. ಕಿಂಗ್ ಕೂಡ ಕಾರ್ಡಿನಲ್ಲಿರುವಷ್ಟು ಮೆತ್ತಗಿನವರಲ್ಲ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ, ಕಾಯಿರಿ ಕಾಯಿರಿ ಅನ್ನುವ ಒಳ್ಳೆಯ ಜನರ ಮೇಲೇ ಅವರಿಗೆ ಹೆಚ್ಚು ನೋವು.

ನಾನು ಆ ತಲೆಬರಹಗಳ ಮೇಲೆ ಬಿಳಿ ಕಾಗದ ಅಂಟಿಸಿದೆ. ಇಬ್ಬರೂ ಒಂದೇ ಒಂದು ಸಲ, 1964ರ ಮಾರ್ಚ್ 26ರಂದು ವಾಷಿಂಗ್ಟನ್ ನಗರದಲ್ಲಿ ಭೇಟಿಯಾಗಿದ್ದರು ಅಂತ ಹೇಳಿದೆ. ಮರುವರ್ಷ ಫೆಬ್ರವರಿಯಲ್ಲಿ ಕಿಂಗ್ ಅಲಬಾಮಾದ ಸೆಲ್ಮಾ ಊರಿನ ಜೈಲಿನಲ್ಲಿದ್ದಾಗ ಮಾಲ್ಕಮ್ ಆ ಊರಿಗೆ ಬಂದರು. ನಿಮ್ಮವರ ಕೆಲಸ ಕಷ್ಟ ಮಾಡಲು ಬಂದಿಲ್ಲ, ಇನ್ನೊಂದು ದಾರಿ ಯಾವುದು ಅಂತ ಗೊತ್ತಾದರೆ ಬಿಳಿಯರು ಅವರ ಮಾತು ಕೇಳಬಹುದು ಅಂತ ಕಿಂಗ್ ಅವರ ಹೆಂಡತಿ ಕೊರೆಟ್ಟಾ ಅವರಿಗೆ ತಿಳಿಸಿದರು. ಅದೇ ತಿಂಗಳು ಮಾಲ್ಕಮ್ ಅವರ ಕೊಲೆಯಾಯಿತು. 1968ರಲ್ಲಿ ಕಿಂಗ್ ಅವರದ್ದು. ಸಾಯುವಾಗ ಇಬ್ಬರಿಗೂ 39 ವರ್ಷ. ಇದನ್ನು ಬೋರ್ಡಿನ ಮೇಲೆ ಬರೆದಾಗ ಒಂದು ಹುಡುಗಿ "ನಮ್ಮಪ್ಪನ ವಯಸ್ಸು" ಅಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕೊನೆಗೆ ಆಟದ ಕಾರ್ಡುಗಳು ಬರುತ್ತವೆ. ಒಂದು ಸಮಸ್ಯೆ ಕೊಟ್ಟು, ನಿಮ್ಮ ಗುಂಪಿನ ನಾಯಕರು ಏನು ಮಾಡುತ್ತಿದ್ದರು ಅಂತ ಕೇಳುತ್ತಾರೆ. ನಮಗೆ ಬಂದದ್ದು ಹೋಟೆಲ್ ಕಾರ್ಡ್: "ನಿಮ್ಮ ಜನ ಇಲ್ಲಿ ಕೂತು ತಿನ್ನುವಂತಿಲ್ಲ." ಕೋರ್ಟಿಗೆ ಹೋಗೋಣ ಅಂತ ವಕೀಲ ಥರ್ಗುಡ್ ಮಾರ್ಷಲ್ ಗುಂಪು. ಹೋಗಿ ಕೂತುಬಿಡೋಣ ಅಂತ, 1960ರಲ್ಲಿ ಬಿಳಿಯರಿಗಷ್ಟೇ ತಿಂಡಿ ಕೊಡುತ್ತಿದ್ದ ಕಡೆ ಹಾಗೇ ಹೋಗಿ ಕೂತಿದ್ದ ಗ್ರೀನ್ಸ್‌ಬರೋ ವಿದ್ಯಾರ್ಥಿಗಳ ಗುಂಪು. ನಮ್ಮದೇ ಹೋಟೆಲ್ ಇಡೋಣ ಅಂತ ಮಾಲ್ಕಮ್ ಗುಂಪು. ಅಷ್ಟರಲ್ಲಿ ಒಬ್ಬ ಹುಡುಗ ಕೈ ಎತ್ತಿ ಮೆಲ್ಲಗೆ ಹೇಳಿದ: "ನಮ್ಮ ಮುತ್ತಜ್ಜಂಗೆ ಹೋಟೆಲ್ ಹೊರಗೆ ನಿಲ್ಲಿಸಿ ತೆಂಗಿನ ಚಿಪ್ಪಿನಾಗೆ ಚಾ ಕೊಡ್ತಿದ್ರಂತೆ. ಅವರು ಆ ಚಿಪ್ಪನ್ನ ಮನೆಗೆ ತಂದು ಅಟ್ಟದ ಮ್ಯಾಲೆ ಇಟ್ಟಿದ್ರಂತೆ, ಮಕ್ಕಳಿಗೆ ತೋರಿಸಾಕೆ." ಪಕ್ಕದ ಹುಡುಗ ಅವನ ಹೆಗಲ ಮೇಲೆ ಕೈ ಇಟ್ಟ. ಪೂನಾ ಒಪ್ಪಂದದ ಪಾಠವನ್ನು ನಾನು ಮರುದಿನ ಅಲ್ಲಿಂದಲೇ ಶುರು ಮಾಡಿದೆ. ಅಂಬೇಡ್ಕರ್ 1946ರಲ್ಲಿ ಡುಬೋಯಿಸ್ ಅವರಿಗೆ ಪತ್ರ ಬರೆದಿದ್ದರು ಅಂದಾಗ ಮಕ್ಕಳು ಬೆಂಚಿನಿಂದ ಎದ್ದೇಬಿಟ್ಟರು. "ಯಾರು ಸರಿ" ಅನ್ನುವ ಪ್ರಶ್ನೆ ಈ ವರ್ಷವೂ ಬಂತು. ಈ ಸಲ ಅವರವರೇ ವಾದ ಮಾಡಿದರು.

ಕೊಳ್ಳುವವರಿಗೆ ಎರಡು ಮಾತು. ನನ್ನ ಡಬ್ಬಿಯಲ್ಲಿ ಮಾರ್ಷಲ್ ಕಾರ್ಡ್ ಎರಡಿತ್ತು, ಇನ್ನೊಂದು ಕಾರ್ಡ್ ಇರಲೇ ಇಲ್ಲ. ಫೋನ್ ಮಾಡಿದ ಮೇಲೆ ಒಂಬತ್ತು ದಿನಕ್ಕೆ ಪೋಸ್ಟಿನಲ್ಲಿ ಬಂತು. ಆದ್ದರಿಂದ ಅಂಗಡಿಯಲ್ಲೇ ಎಣಿಸಿಕೊಳ್ಳಿ. ಕಾಗದ ತೆಳು, 40 ಮಕ್ಕಳ ಕೈ ದಾಟಿದರೆ ಅಂಚು ಎದ್ದು ಬರುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಕು. ಆದರೆ ಅದಕ್ಕೆ ಮುಂಚೆ ರೋಸಾ ಪಾರ್ಕ್ಸ್ ಕಾರ್ಡ್ ತಿದ್ದಿಕೊಳ್ಳಿ, ಆ ಎರಡು ಕಾಲಂ ಮುಚ್ಚಿಬಿಡಿ. ನಾಲ್ಕು ಖಾಲಿ ಕಾರ್ಡ್ ಕೊಟ್ಟಿದ್ದಾರೆ. ನಮ್ಮ ಮಕ್ಕಳು ಒಂದರಲ್ಲಿ ಕ್ಲಾಡೆಟ್ ಕಾಲ್ವಿನ್ ಬರೆದರು. ಇನ್ನೊಂದರಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ನಮ್ಮ ಹರಿಹರದ ಪ್ರೊ. ಬಿ. ಕೃಷ್ಣಪ್ಪ. ಮೂರನೆಯದರಲ್ಲಿ ಆ ಹುಡುಗ ಒಂದು ತೆಂಗಿನ ಚಿಪ್ಪು ಬರೆದು, ಕೆಳಗೆ ಮುತ್ತಜ್ಜನ ಹೆಸರು ಹಾಕಿದ್ದಾನೆ.