ಒಂದೇ ಬಾನೆಟ್, ಮೂರು ಪಾಲಿಶ್: ಕೈ, ರೋಟರಿ, ಡಿಎ

ನನ್ನ ಕಾರು ಕಪ್ಪು ಬಣ್ಣದ್ದು. ನೆರಳಲ್ಲಿ ನಿಂತಿದ್ದರೆ ಹೊಸದರ ಹಾಗೇ ಕಾಣುತ್ತದೆ. ಬಿಸಿಲಿಗೆ ತಂದರೆ ಮಾನ ಹೋಗುತ್ತದೆ. ಬಾನೆಟ್ ಮೇಲೆ ಸೂರ್ಯ ಹೊಳೆಯುವ ಜಾಗದ ಸುತ್ತ ಜೇಡರ ಬಲೆಯಂಥ ಗೀರುಗಳು. ಮಾಡಿದವನು ನಾನೇ. ಧೂಳು ಕೂತ ಕಾರನ್ನು ವರ್ಷಗಟ್ಟಲೆ ಒಣ ಬಟ್ಟೆಯಲ್ಲಿ ಒರೆಸಿದ್ದರ ಫಲ. ಅಂದ ಹಾಗೆ, ಈ ಗೀರುಗಳು ನಿಜಕ್ಕೂ ದುಂಡಗಿರಬೇಕೆಂದೇನಿಲ್ಲ. ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡ ಬಿದ್ದಿರುವವು ಮಾತ್ರ ಮಿನುಗುವುದರಿಂದ ಸುಳಿಯ ಹಾಗೆ ಕಾಣುತ್ತವೆ, ಅಷ್ಟೆ.

ಇವನ್ನು ತೆಗೆಯಲು ಕೈಯಲ್ಲಿ ಉಜ್ಜಿದರೆ ಸಾಕು ಅನ್ನುವವರಿದ್ದಾರೆ, ರೋಟರಿ ಪಾಲಿಶ್ ಮೆಷಿನ್ ಬಿಟ್ಟು ಬೇರೇನೂ ಬೇಡ ಅನ್ನುವವರೂ ಇದ್ದಾರೆ. ವಾದ ಯಾಕೆ ಅಂತ ಬಾನೆಟ್‌ಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಮೂರು ಪಾಲು ಮಾಡಿದೆ. ಮೂರಕ್ಕೂ ಒಂದೇ ಕಾಂಪೌಂಡ್, ಅಂದರೆ ಪೇಂಟಿನ ಮೇಲ್ಪದರ ಸವೆಸುವ ಪೇಸ್ಟ್. ಒಂದಕ್ಕೆ ಕೈ, ಒಂದಕ್ಕೆ ಸ್ನೇಹಿತನಿಂದ ತಂದ ರೋಟರಿ, ಇನ್ನೊಂದಕ್ಕೆ ನನ್ನದೇ ಡ್ಯುಯಲ್ ಆಕ್ಷನ್ ಮೆಷಿನ್, ಅಂದರೆ ಡಿಎ.

ಮೊದಲು ತೊಳೆದದ್ದು. ಶಾಂಪೂ ಆದಮೇಲೆ ಐರನ್ ರಿಮೂವರ್ ಸಿಂಪಡಿಸಿದೆ. ಪೇಂಟಿಗೆ ಕಚ್ಚಿಕೊಂಡಿದ್ದ ಬ್ರೇಕಿನ ಕಬ್ಬಿಣದ ಪುಡಿಯೆಲ್ಲ ನೇರಳೆ ಬಣ್ಣವಾಗಿ ಇಳಿಯಿತು. ನಂತರ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಮೇಲೆ ಸವರಿ ನೋಡಿದೆ. ಬರಿಗೈಗೆ ನಯ ಅನ್ನಿಸಿದ್ದ ಜಾಗ ಈಗ ತರಿತರಿ. ಅದಕ್ಕೆ ಕ್ಲೇ ಬೇಕು, ಅಂದರೆ ಪೇಂಟಿಗೆ ಅಂಟಿದ ಕೊಳೆ ಎತ್ತುವ ಜೇಡಿಮಣ್ಣಿನಂಥ ಮುದ್ದೆ. ಅರ್ಧ ಬಾನೆಟ್‌ಗೆ ಕ್ಲೇ ಬಾರ್, ಅರ್ಧಕ್ಕೆ ಅದೇ ಕೆಲಸ ಮಾಡುವ ಕೈಗವಸು, ಅಂದರೆ ಕ್ಲೇ ಮಿಟ್ ಹಿಡಿದೆ. ಕೆಲಸದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಬಾರ್ ಕೈಜಾರಿ ನೆಲಕ್ಕೆ ಬಿತ್ತು. ಬಿದ್ದ ಕ್ಲೇ ಒಳಗೆ ಮರಳು ಸೇರಿರುತ್ತದೆ, ಬಿಸಾಡುವುದೇ ಸರಿ. ಮಿಟ್ ಆಗಿದ್ದರೆ ತೊಳೆದು ಮತ್ತೆ ಹಿಡಿಯಬಹುದಿತ್ತು. ನನ್ನ ಓಟು ಮಿಟ್‌ಗೆ.

ಕೈ ಪಾಲಿಗೆ ಫೋಮ್ ಅಪ್ಲಿಕೇಟರ್ ಹಿಡಿದು ಅರ್ಧ ಗಂಟೆ ಉಜ್ಜಿದೆ. ಭುಜ ಬಿದ್ದುಹೋಯಿತು. ಒರೆಸಿದಾಗ ಮಾತ್ರ ಖುಷಿಯಾಯಿತು. ಗೀರು ಮುಕ್ಕಾಲು ಪಾಲು ಮಾಯ!

ರೋಟರಿಯ ಪ್ಯಾಡ್ ಒಂದೇ ಅಕ್ಷದ ಮೇಲೆ ಗಿರ್ರನೆ ತಿರುಗುತ್ತದೆ. ವೇಗವನ್ನು 1,200 ಆರ್‌ಪಿಎಂ ದಾಟಿಸಲಿಲ್ಲ. ಆದರೂ ಮೊದಲ ಸಲ ಹಿಡಿದಾಗ ಮೆಷಿನ್ ನನ್ನನ್ನೇ ಎಳೆದುಕೊಂಡು ಹೋಗುತ್ತಿತ್ತು. ಕಾಂಪೌಂಡ್ ಅಂಗಿಗೆಲ್ಲ ಸಿಡಿಯಿತು. ಎರಡೇ ನಿಮಿಷದಲ್ಲಿ ತಗಡು ಬಿಸಿ. ಗೀರುಗಳೇನೋ ಹೋದವು, ಅದೂ ಎಷ್ಟು ಬೇಗ! ಬಾನೆಟ್‌ನ ಏಣಿನ ಹತ್ತಿರ ಮಾತ್ರ ಕೈ ನಡುಗಿತು. ಅಲ್ಲಿ ಪೇಂಟ್ ತೆಳ್ಳಗಿರುತ್ತದೆ, ಒಂದು ಕ್ಷಣ ಜಾಸ್ತಿ ನಿಂತರೂ ಕೆಳಗಿನ ಪದರ ಕಂಡುಬಿಡಬಹುದು. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40–50 ಮೈಕ್ರಾನ್ ಅಷ್ಟೆ, ಅಂದರೆ ತಲೆಗೂದಲಿಗಿಂತ ತೆಳು. ಪಾಲಿಶ್ ಅಂದರೆ ಅದನ್ನೇ ಒಂದಿಷ್ಟು ಸವೆಸುವುದು ಅಲ್ವಾ? ಸವೆದದ್ದು ವಾಪಸ್ ಬರುವುದಿಲ್ಲ.

ಡಿಎ ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಓಲಾಡುತ್ತದೆ. ಹಾಗಾಗಿ ಒಂದೇ ಕಡೆ ಬಿಸಿ ಏರುವುದು ಕಡಿಮೆ. ಆದರೂ ಮೊದಲ ಸುತ್ತಿನಲ್ಲಿ ಗೀರು ಅಲುಗಲೇ ಇಲ್ಲ. ಮೆಷಿನ್ ದಂಡ ಅಂದುಕೊಂಡೆ. ತಪ್ಪು ನನ್ನದೇ ಆಗಿತ್ತು. ಜೋರಾಗಿ ಒತ್ತಿದರೆ ಪ್ಯಾಡ್ ತಿರುಗುವುದು ನಿಂತು ಸುಮ್ನೆ ನಡುಗುತ್ತದೆ. ಪ್ಯಾಡ್ ಹಿಂದಿನ ಪ್ಲೇಟಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದೆ. ಗೆರೆ ತಿರುಗುತ್ತಿರುವುದು ಕಾಣುವಷ್ಟೇ ಒತ್ತಿದೆ. ನಾಲ್ಕು ಹನಿ ಕಾಂಪೌಂಡ್, ಒಂದೂವರೆ ಅಡಿ ಚೌಕ, ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ನಡಿಗೆ. ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಮುಚ್ಚುವ ಹಾಗೆ, ಐದಾರು ಸುತ್ತು. ಪ್ರತಿ ಚೌಕ ಮುಗಿದ ಮೇಲೆ ಪ್ಯಾಡನ್ನು ಬ್ರಶ್‌ನಲ್ಲಿ ಕೊಡವಿದೆ. ತೀರಾ ಬೇಜಾರಿನ ಕೆಲಸ, ಬಿಟ್ಟರೆ ಮಾತ್ರ ಪ್ಯಾಡ್ ಕಾಂಪೌಂಡ್ ಕುಡಿದು ಭಾರವಾಗಿ ಕೆಲಸ ನಿಧಾನವಾಗುತ್ತದೆ. ಈ ಸಲ ಗೀರು ಹೋದವು.

ಮೂರೂ ಪಾಲು ಫಳಫಳ. ಇಲ್ಲಿಗೇ ನಿಲ್ಲಿಸಿದ್ದರೆ ನಾನೂ ಕೈಯೇ ಸಾಕು ಅನ್ನುತ್ತಿದ್ದೆನೋ ಏನೋ. ಆದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಮೂರನ್ನೂ ಒರೆಸಿದೆ. ಕೈಯಲ್ಲಿ ಉಜ್ಜಿದ ಕಡೆ ಗೀರುಗಳು ಒಂದೊಂದಾಗಿ ಕಣ್ಣೆದುರೇ ವಾಪಸ್ ಬಂದವು. ಕಾಂಪೌಂಡ್‌ನ ಎಣ್ಣೆ ಅವುಗಳೊಳಗೆ ತುಂಬಿಕೊಂಡು ಮುಚ್ಚಿಟ್ಟಿತ್ತು. ಒಂದೆರಡು ತೊಳೆತದಲ್ಲಿ ಹೇಗೂ ಬಯಲಾಗುತ್ತಿತ್ತು. ಇನ್ನು ರೋಟರಿ ಪಾಲಿನ ಮೇಲೆ ಟಾರ್ಚ್ ಆಡಿಸಿದರೆ ಬೆಳಕಿನ ಜೊತೆ ಸರಿದಾಡುವ ಮಬ್ಬು ಪಟ್ಟೆಗಳು. ಹೊಲೊಗ್ರಾಮ್ ಅನ್ನುತ್ತಾರಲ್ಲ, ಅವೇ. ಪಳಗಿದ ಕೈ ನುಣ್ಣನೆಯ ಫೈನ್ ಪಾಲಿಶ್ ಹಿಡಿದು ಇವನ್ನು ರೋಟರಿಯಲ್ಲೇ ತೆಗೆಯುತ್ತದಂತೆ. ನನ್ನ ಕೈ ಪಳಗಿಲ್ಲ. ಡಿಎ ಪಾಲು ಮಾತ್ರ ಒರೆಸಿದ ಮೇಲೂ ಹಾಗೇ ಫಳಫಳ ಅನ್ನುತ್ತಿತ್ತು.

ರೋಟರಿ ಮರುದಿನವೇ ಸ್ನೇಹಿತನ ಮನೆ ಸೇರಿತು. ಅದರ ಪಟ್ಟೆಗಳನ್ನು ಡಿಎಗೆ ಮೃದು ಪ್ಯಾಡ್ ಹಾಕಿ ಫೈನ್ ಪಾಲಿಶ್‌ನಲ್ಲಿ ತೆಗೆದೆ. ಉಳಿದ ಕಾರೂ ಅದರಲ್ಲೇ ಆಯಿತು. ಕೈ ಪಾಲಿಶ್‌ಗೆ ಬಿಟ್ಟದ್ದು ಬಾಗಿಲ ಹಿಡಿಯ ಹಿಂದಿನ ಗುಳಿಗಳನ್ನು ಮಾತ್ರ, ಅಲ್ಲಿ ಯಾವ ಮೆಷಿನ್ನೂ ಹೋಗುವುದಿಲ್ಲ. ಎಡ ಬಾಗಿಲ ಮೇಲೆ ಒಂದು ಗೀರು ಇನ್ನೂ ಇದೆ. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳ. ಅದನ್ನು ಮುಟ್ಟಲು ಹೋಗಲಿಲ್ಲ.